ಕೊಟ್ಟಾಗ ತಗೊಂಡೆ

ನಾನು ಬದುಕಿದ್ದೇನೆ. ಬಲಗಾಲು ಎಡಗಾಲಿಗಿಂತ ದಪ್ಪವಾಗಿದೆ, ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು ಉಸಿರು ಹಿಡಿದುಕೊಳ್ಳಬೇಕು, ಹೃದಯದೊಳಗೆ ಕಿರುಬೆರಳ ತುದಿಯಷ್ಟು ದೊಡ್ಡ ಯಂತ್ರವೊಂದು ಕೂತಿದೆ. ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಇಂಥ ಕಥೆ ಮನೆಗೊಂದಿದೆ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಯಾರಾದರೂ ನುಂಗದ ಗುಳಿಗೆಗಳ ನೆನಪಿಟ್ಟುಕೊಂಡು, ಡಾಕ್ಟರು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತ ಕೂತಿರಬಹುದು. ಅಂಥವರು ನನ್ನ ಗತಿಯನ್ನು ಓದಲಿ.

ನನ್ನ ಹೆಸರು ಈರಪ್ಪ. ಎಸ್ಸೆಸ್ಸೆಲ್ಸಿ ಮುಗಿಸಿ ಟರ್ನರ್ ಆಗಿ ಲೇಥ್ ಮಶೀನಿನ ಮುಂದೆ ನಿಂತವನು ಎಪ್ಪತ್ತು ಹತ್ತಿರ ಬಂದರೂ ಅಲ್ಲಿಂದ ಸರಿದಿರಲಿಲ್ಲ. ತಾರಿಹಾಳದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅರ್ಧ ದಿನ ಕೆಲಸ. ಹೊಸಬರಿಗೆ ಕೈಗೂಡದ ಅಳತೆಯ ಕೆಲಸ ಬಂದರೆ ಮಾಲಕರು ನನ್ನನ್ನು ಕರೆಯುತ್ತಿದ್ದರು. ಆ ಕರೆಯಲ್ಲಿ ನನ್ನ ಪ್ರಾಣವಿತ್ತು ಎಂದರೆ ತಪ್ಪಲ್ಲ.

ಯಂತ್ರ ಕೂರುವುದಕ್ಕೆ ಒಂದು ವರ್ಷ ಮೊದಲೇ ನನ್ನ ಎದೆಬಡಿತ ತಾಳ ತಪ್ಪಿತ್ತು. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಬೆಳಿಗ್ಗೆ ಒಂದು, ಸಂಜೆ ಒಂದು ಗುಲಾಬಿ ಬಣ್ಣದ ಗುಳಿಗೆ ಕೊಟ್ಟಿದ್ದರು. ಅದನ್ನು ನೆನಪಿಟ್ಟು ಕೊಡುವ ಕೆಲಸ ಸೊಸೆ ಸವಿತಾಳದು. ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಖಾಸಗಿ ಸಾಲೆಯಲ್ಲಿ ಟೀಚರ್, ಔಷಧದ ಮೇಲಿನ ಇಂಗ್ಲಿಷ್ ಓದಬಲ್ಲವಳು ಮನೆಯಲ್ಲಿ ಅವಳೊಬ್ಬಳೇ. ಬೆಳಿಗ್ಗೆ ಸಾಲೆಗೆ ಹೊರಡುವ ಅವಸರದಲ್ಲೂ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ಗುಳಿಗೆ ಹಿಡಿದು ಬರುತ್ತಿದ್ದಳು.

"ಮಾವಾರ, ತಗೋರಿ."

ಕೆಲವು ತಿಂಗಳು ನಾನು ಸರಿಯಾಗಿ ನುಂಗಿದೆ. ಒಂದು ದಿನ ಲೇಥಿನ ಮೇಲೆ ಬುಶ್ ಎಂಬ ಕಬ್ಬಿಣದ ಬಳೆ ಕಡೆಯುವಾಗ ಸಿಪ್ಪೆಯೊಂದು ಸುರುಳಿಯಾಗಿ ಎದ್ದು ನನ್ನ ತೋರುಬೆರಳನ್ನು ಸೀಳಿತು. ಅಂಥ ಗಾಯ ನನಗೆ ಹೊಸದಲ್ಲ. ಬಟ್ಟೆ ಸುತ್ತಿ ಕೆಲಸ ಮುಂದುವರಿಸುವುದೇ ರೂಢಿ. ಆ ದಿನ ಮಾತ್ರ ರಕ್ತ ನಿಲ್ಲಲಿಲ್ಲ. ಬಟ್ಟೆ ನೆನೆಯಿತು, ಇನ್ನೊಂದು ಬಟ್ಟೆ ನೆನೆಯಿತು, ಮಶೀನಿನ ಬೆಡ್ಡಿನ ಮೇಲೆ ಹನಿ ಹನಿ ಬಿತ್ತು. ಮೂವತ್ತು ವರ್ಷದಿಂದ ಪಕ್ಕದ ಮಶೀನಿನಲ್ಲಿರುವ ಖಾದರಸಾಬ ನಗಿಸಲೆಂದೇ ಕೂಗಿದ:

"ಏನ್ರಿ ಈರಪ್ಪಣ್ಣಾ, ಬುಶ್ ಮಾಡಾಕತ್ತೀರೋ, ಕುರಿ ಕೊಯ್ಯಾಕತ್ತೀರೋ?"

ಎಲ್ಲರೂ ನಕ್ಕರು. ಮಾಲಕರು ನಗಲಿಲ್ಲ. "ಕಾಕಾ, ವಯಸ್ಸಾತು. ಇನ್ನ ಮ್ಯಾಲ ಕುಂತ ಹೇಳ್ರಿ ಸಾಕು, ಮಶೀನ ಮುಟ್ಟಬ್ಯಾಡ್ರಿ," ಎಂದರು. ಪ್ರೀತಿಯಿಂದಲೇ ಅಂದರು. ಆದರೆ ನನಗೆ ಆ ಮಾತು ಬೆರಳಿನ ಗಾಯಕ್ಕಿಂತ ಆಳಕ್ಕಿಳಿಯಿತು.

ರಕ್ತ ನಿಲ್ಲದ್ದಕ್ಕೆ ಆ ಗುಳಿಗೆಯೇ ಕಾರಣವೆಂದು ಮರುದಿನದಿಂದ ನಾನು ಅದನ್ನು ನುಂಗಲಿಲ್ಲ. ಸವಿತಾಳ ಅಂಗೈಯಿಂದ ಎತ್ತಿಕೊಂಡು, ಬಾಯಿಯ ಹತ್ತಿರ ಒಯ್ದು, ನೀರು ಕುಡಿದು, ಗುಳಿಗೆಯನ್ನು ಅಂಗಿಯ ಜೇಬಿಗೆ ಇಳಿಸುತ್ತಿದ್ದೆ. ಔಷಧವನ್ನು ಎಸೆಯಲು ಮನಸ್ಸು ಬರಲಿಲ್ಲ. ವರ್ಕ್‌ಶಾಪಿನ ನನ್ನ ಡ್ರಾವರಿನಲ್ಲಿ ಖಾಲಿ ಪ್ಲಾಸ್ಟಿಕ್ ಡಬ್ಬಿಯೊಂದಿತ್ತು, ಅದರಲ್ಲಿ ಹಾಕುತ್ತಿದ್ದೆ. ಮಾಲಕರು ಬೇಡವೆಂದರೂ ಮಶೀನು ಬಿಡದೆ, ಹದಿನೈದು ದಿನಕ್ಕೆ ಮತ್ತೆ ಬೆರಳು ತಾಗಿಸಿಕೊಂಡೆ. ರಕ್ತ ಬೇಗ ನಿಂತಿತು. ನನ್ನ ಉಪಾಯ ಸರಿ ಎನ್ನಲು ನನಗೆ ಅಷ್ಟೇ ಸಾಕಾಯಿತು. "ನೋಡ್ರಿ, ಗಟ್ಟಿ ಇದ್ದೇನಿ," ಎಂದು ಬೆರಳನ್ನು ಮಾಲಕರಿಗೂ ತೋರಿಸಿದೆ.

ಹೀಗೆ ನಾಲ್ಕು ತಿಂಗಳು ನಡೆಯಿತು. ಸವಿತಾ ಸಂಜೆ ಸಾಲೆಯ ಪರೀಕ್ಷೆಯ ಪೇಪರು ತಿದ್ದುತ್ತ ಕೂತಲ್ಲಿಂದಲೇ ಕೆಲವು ಸಲ ಕೇಳುತ್ತಿದ್ದಳು, "ಮಾವಾರ, ಗುಳಿಗಿ ತಗೊಂಡ್ರಿ?"

"ತಗೊಂಡೆವಾ."

ತೆಗೆದುಕೊಂಡದ್ದು ನಿಜವೇ ತಾನೆ. ನಮ್ಮ ಮಾತಿನಲ್ಲಿ ತಗೊಳ್ಳುವುದು ಅಂದರೆ ಕೈಗೆ ತೆಗೆದುಕೊಳ್ಳುವುದೂ ಹೌದು, ನುಂಗುವುದೂ ಹೌದು. ನಾನು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದೇವರ ಮುಂದೆ ಕೈಮುಗಿಯುವಾಗಲೂ ಆ ಲೆಕ್ಕವನ್ನೇ ಒಪ್ಪಿಸುತ್ತಿದ್ದೆ.

ಬೇಸಿಗೆಯ ಒಂದು ಬೆಳಿಗ್ಗೆ ಕಾಯಿಪಲ್ಲೆ ತರಲು ಹೋದವನು ಬಜಾರದಲ್ಲಿ ಬಿದ್ದೆ. ತಲೆ ಸುತ್ತಲಿಲ್ಲ, ಕಣ್ಣು ಕತ್ತಲಿಡಲಿಲ್ಲ. ಬದನೆಕಾಯಿ ಆರಿಸುತ್ತಿದ್ದೆ, ಮುಂದಿನ ಕ್ಷಣ ಗೋಣಿಚೀಲದ ಮೇಲೆ ಮಲಗಿದ್ದೆ, ಕಾಯಿಪಲ್ಲೆ ಮಾರುವವಳು ಮುಖಕ್ಕೆ ನೀರು ಹಾಕುತ್ತಿದ್ದಳು. ಆಸ್ಪತ್ರೆಯಲ್ಲಿ ನಾಡಿ ಹಿಡಿದ ನರ್ಸು ಇನ್ನೊಬ್ಬಳನ್ನು ಕರೆದಳು, ಅವಳು ಡಾಕ್ಟರರನ್ನು ಕರೆದಳು. ಎದೆ ನಿಧಾನವಾಗುತ್ತ ಆಗುತ್ತ ಒಂದೊಂದು ಸಲ ನಿಂತೇ ಬಿಡುತ್ತಿತ್ತಂತೆ.

ಹೃದಯದ ಡಾಕ್ಟರು ಮೂವತ್ತೈದರ ಹೆಣ್ಣುಮಗಳು. ಎದೆಬಡಿತ ನಡೆಸುವ ಪೇಸ್‌ಮೇಕರ್ ಯಂತ್ರ ಹಾಕಬೇಕೆಂದು ಹೇಳಿ, ಮೇಜಿನ ಮೇಲಿದ್ದ ಅದರ ಮಾದರಿಯನ್ನು ನನ್ನ ಅಂಗೈಗೆ ಹಾಕಿದರು. "ಇಷ್ಟ ಐತ್ರಿ ಅಜ್ಜಾರ. ಎದಿ ಕೊಯ್ಯೂದಿಲ್ಲ, ವಾಯರ್ ಇಲ್ಲ. ತೊಡಿಯಾಗಿನ ನರದಿಂದ ನಳಿಕಿಯೊಳಗ ಮ್ಯಾಲ ಒಯ್ದು ಹೃದಯದಾಗ ಬಿಟ್ಟು ಬರತೇವಿ."

ನಾನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಅಂಚುಗಳ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಲಿಲ್ಲ. "ಯಾವನೋ ಭಾಳ ಛಲೋ ಟರ್ನರ್ ಮಾಡ್ಯಾನ್ರಿ ಇದನ್ನ," ಎಂದೆ. ಅವರು ನಕ್ಕರು. ಆಮೇಲೆ ಫೈಲು ನೋಡುತ್ತ ಕೇಳಿದರು, "ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳಾಕತ್ತೀರಿ ಹೌದಿಲ್ಲೋ?"

"ತಗೊಂಡೇನ್ರಿ."

ಮರುದಿನ ಒಳಗೆ ಕರೆದುಕೊಂಡು ಹೋದರು. ನನಗೆ ಎಚ್ಚರವಿತ್ತು. ತೊಡೆಯ ಸಂದಿಯನ್ನಷ್ಟೇ ಮರಗಟ್ಟಿಸಿದ್ದರು. ಆ ಕೋಣೆಯ ಚಳಿ ಎಲುಬಿನವರೆಗೆ ಬಂತು. ಪರದೆಯ ಮೇಲೆ ನನ್ನ ಹೃದಯ ಕಪ್ಪು ಬಿಳುಪಿನಲ್ಲಿ ಅಲ್ಲಾಡುತ್ತಿತ್ತು, ಅದರೊಳಗೆ ಒಂದು ಗೆರೆ ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ಅಲ್ಲಿಯವರೆಗೆ ಊಟದ ಡಬ್ಬಿಯ ವಿಷಯ ಮಾತಾಡುತ್ತಿದ್ದವರು ಸುಮ್ಮನಾದರು. ಸುಮ್ಮನಾಗುವ ಮಶೀನು ಕೆಟ್ಟಿರುತ್ತದೆ ಎಂಬುದು ನನ್ನ ಕೆಲಸ ಕಲಿಸಿದ ಪಾಠ.

ನಳಿಕೆಯನ್ನು ಹೊರಗೆ ಎಳೆದರು. ಹಸಿರು ಬಟ್ಟೆಯ ಮೇಲೆ ಅದರ ತುದಿಯಿಂದ ಕಪ್ಪಗೆ, ಜಿಗಣೆಯಂಥದ್ದು ಜಾರಿ ಬಿತ್ತು. ಹೆಪ್ಪುಗಟ್ಟಿದ ರಕ್ತ. ತೊಳೆದು, ಔಷಧ ಏರಿಸಿ ಮತ್ತೆ ಒಳಗೆ ಬಿಟ್ಟರು. ಮತ್ತೆ ಹೊರಗೆ ತೆಗೆದರು. ಡಾಕ್ಟರ ಕಣ್ಣು ಮುಖವಾಡದ ಮೇಲಿನಿಂದ ನನ್ನತ್ತ ತಿರುಗಿತು.

"ಅಜ್ಜಾರ, ಗುಳಿಗಿ ಖರೇನ ತಗೊಂಡೀರಿ?"

ಆಗ ಹೇಳಬಹುದಿತ್ತು. ತೊಡೆ ತೆರೆದಿದೆ, ಹೃದಯದ ಬಾಗಿಲಲ್ಲಿ ಅವರ ಕೈಯಿದೆ. ಆದರೆ ನನಗೆ ಆಗ ಅನಿಸಿದ್ದು ಒಂದೇ: ಈಗ ಹೇಳಿದರೆ ಇವರು ಸಿಟ್ಟಾಗಿ ಕೈಬಿಟ್ಟರೆ? ಇಷ್ಟು ವಯಸ್ಸಾದ ಮೇಲೆ ಸಣ್ಣ ಮಕ್ಕಳಂಥ ಭಯ. "ಹೂಂರಿ," ಎಂದೆ.

ಮೂರನೆಯ ಸಲಕ್ಕೆ ಯಂತ್ರ ಕೂತಿತು. ಎದೆ ಗಡಿಯಾರದಂತೆ ಬಡಿಯತೊಡಗಿತು. ಹೊರಗೆ ಕಾಯುತ್ತಿದ್ದ ನನ್ನ ಹೆಂಡತಿ ಗಂಗವ್ವ ಎಲ್ಲ ನರ್ಸುಗಳಿಗೂ ಕೈಮುಗಿದಳಂತೆ. ಮರುದಿನ ಬಲಗಾಲು ಬಾತುಕೊಂಡಿತು. ಚರ್ಮ ಬಿಗಿದು ಹೊಳೆಯಿತು, ಹೊದಿಕೆ ತಾಗಿದರೂ ಉರಿ. ಅದರ ಮರುದಿನ ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತೆ, ಅಷ್ಟೇ. ಯಾರೋ ಎದೆಗೆ ಪಟ್ಟಾ ಸುತ್ತಿ ಎಳೆದಂತಾಯಿತು. ಉಸಿರು ಒಳಗೆ ಹೋಗುತ್ತಿದೆ, ಆದರೆ ಅದರಲ್ಲಿ ಗಾಳಿ ಇಲ್ಲ. ಕಾಲಿನ ಹೆಪ್ಪು ಕಿತ್ತುಕೊಂಡು ಪುಪ್ಪುಸಕ್ಕೆ ಹೋಗಿ ಅಡ್ಡ ಕೂತಿತ್ತು. ಗಾಡಿಯ ಮೇಲೆ ತಳ್ಳಿಕೊಂಡು ಓಡುವಾಗ ಚಾವಣಿಯ ದೀಪಗಳು ಹಿಂದೆ ಹಿಂದೆ ಓಡಿದವು. ನನ್ನ ಮಗ ಮಹಾಂತೇಶ ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ಜೊತೆಗೆ ಓಡುತ್ತಿದ್ದ. ಚಪ್ಪಲಿ ಯಾಕೆ ತಂದನೋ.

ತೀವ್ರ ನಿಗಾ ಘಟಕದಲ್ಲಿ ಹಗಲು ರಾತ್ರಿ ಒಂದೇ ಬೆಳಕು. ಪಕ್ಕದ ಪರದೆಯ ಹಿಂದೆ ಒಬ್ಬರು ಎಮ್ಮೆಗೆ ಮೇವು ಹಾಕಲು ಯಾರಿಗೋ ಹೇಳುತ್ತಿದ್ದರು. ಎರಡನೆಯ ದಿನ ಹೇಳುವುದು ನಿಂತಿತು, ಪರದೆ ತೆಗೆದು ಹಾಸಿಗೆ ಒರೆಸಿದರು. ನನ್ನನ್ನು ಅಲ್ಲಿ ಹಿಡಿದಿಟ್ಟವಳು ಒಬ್ಬ ಆಯಾ. ಒದ್ದೆ ಬಟ್ಟೆಯಿಂದ ಮುಖ ಒರೆಸಿ, ಇದ್ದ ನಾಲ್ಕು ಕೂದಲನ್ನು ಬಾಚಿ, "ಹಿಂಗ ಇರ್ರಿ ಅಜ್ಜಾ. ಮದುಮಗ ಕಂಡಂಗ ಕಾಣ್ತೀರಿ. ಹೆಣ್ಣ ನೋಡಾಕ ಬರತಾರ ಈಗ," ಎನ್ನುತ್ತಿದ್ದಳು. ನಾನು ನಕ್ಕರೆ ಯಂತ್ರವೊಂದು ಕೂಗುತ್ತಿತ್ತು. "ನಗಬ್ಯಾಡ್ರಿ, ನನಗ ಬೈತಾರ," ಎನ್ನುತ್ತಿದ್ದಳು.

ಅದೇ ಎರಡನೆಯ ದಿನ ಡಾಕ್ಟರು ಮನೆಯವರನ್ನು ಒಳಗೆ ಕರೆಸಿದರು. ಗಂಗವ್ವ ತಲೆಯ ಹತ್ತಿರ, ಮಹಾಂತೇಶ ಪಕ್ಕಕ್ಕೆ, ಸವಿತಾ ಕಾಲ ಕಡೆ.

"ಅಜ್ಜಾರ, ಗುಳಿಗಿ ನುಂಗಿದ್ರೂ ಒಮ್ಮೊಮ್ಮೆ ಹೆಪ್ಪಾಗತೈತಿ. ಹಂಗಿದ್ರ ಆ ಔಷಧ ನಿಮಗ ಹತ್ತಿಲ್ಲ, ನಾ ಬ್ಯಾರೆ ಕೊಡಬೇಕು. ತಪ್ಪಿದ್ರ ಅದು ಬ್ಯಾರೆ ಮಾತು, ಅದನ್ನ ಮತ್ತ ಚಾಲೂ ಮಾಡಬಹುದು. ಅದಕ್ಕ ನನಗ ಖರೇ ಗೊತ್ತಾಗಬೇಕು. ಮನ್ಯಾಗ ಯಾರ ಕೊಡತಿದ್ರು?"

"ನಾನ್ರಿ ಮೇಡಂ," ಎಂದಳು ಸವಿತಾ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಆಮ್ಲಜನಕದ ಮುಖವಾಡ ಎತ್ತಿದೆ.

"ಕೊಟ್ಟಾಗ ತಗೊಂಡೇನ್ರಿ."

ಎರಡೇ ಶಬ್ದ. ಎರಡನ್ನೂ ಬಿಡಿಸಿ ನೋಡಿದರೆ ಸುಳ್ಳಿಲ್ಲ. ಆದರೆ ‘ಕೊಟ್ಟಾಗ’ ಎಂದರೆ ಕೊಡದ ದಿನಗಳೂ ಇದ್ದವು ಎಂದು ಕೇಳುವವರಿಗೆ ಅನಿಸಲೇಬೇಕು. ಹಾಗೆ ಅನಿಸಲಿ ಎಂದೇ ನಾನು ಅಂದದ್ದು. ಬಾಯಿ ತಪ್ಪಿ ಬಂದದ್ದಲ್ಲ, ಬೆರಳಿನ ಅಳತೆ ತಪ್ಪದ ಟರ್ನರ್ ನಾನು.

ಸವಿತಾ ಕಾಲ ಕಡೆಯಿಂದ ಮುಂದೆ ಬಂದಳು. "ಮಾವಾರ, ದಿನಾ ಕೊಟ್ಟೇನಲ್ರಿ? ಮೇಡಂ, ಗುಳಿಗಿಯ ಖಾಲಿ ಹಾಳಿ ಎಲ್ಲಾ ಮನ್ಯಾಗ ಅದಾವ್ರಿ, ಎಣಿಸಿ ತೋರಸ್ತೇನಿ."

"ಹಾಳಿ ಖಾಲಿ ಮಾಡೂದು ಏನ ದೊಡ್ಡ ಕೆಲಸ?" ಎಂದ ಮಹಾಂತೇಶ. ಹೆಂಡತಿಯ ಮೇಲೆ ಅವನು ದನಿ ಏರಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಗಂಗವ್ವ ಸೊಸೆಯತ್ತ ತಿರುಗದೆ ನನ್ನ ಕೈ ಸವರುತ್ತ ಅಂದಳು, "ಸಾಲಿ ಹುಡುಗರ ಲಕ್ಷ್ಯ ಐತಿ ಆಕಿಗೆ. ಮನ್ಯಾಗಿನ ಮುದುಕ ಯಾವ ಲೆಕ್ಕ?"

ಡಾಕ್ಟರು "ಜಗಳ ಬ್ಯಾಡ್ರಿ ಇಲ್ಲಿ," ಎಂದು ಏನೋ ಬರೆದುಕೊಂಡು ಹೊರಟರು. ಸವಿತಾ ನನ್ನನ್ನೇ ನೋಡುತ್ತಿದ್ದಳು. ನಾನು ಮುಖವಾಡ ಕೆಳಗೆ ಎಳೆದುಕೊಂಡು ಕಣ್ಣು ಮುಚ್ಚಿದೆ. ರೋಗಿಗೆ ಇರುವ ದೊಡ್ಡ ಅನುಕೂಲ ಅದು.

ಡಿಸ್ಚಾರ್ಜ್ ಆದ ದಿನ ಆಸ್ಪತ್ರೆಯ ಕಾಗದವನ್ನು ಮಹಾಂತೇಶ ಅವಳ ಕೈಗೇ ಕೊಟ್ಟ, ಏನು ಬರೆದಿದ್ದಾರೆ ಓದು ಎಂದ. ಅವಳು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಬಂದು ಒಂದು ಕಡೆ ನಿಂತಳು. ಆಮೇಲೆ ಅದನ್ನೂ ಹೇಳಿದಳು: "ಮನೆಯವರು ಔಷಧ ನಿಯಮಿತವಾಗಿ ಕೊಟ್ಟಿಲ್ಲ ಅಂತ ಬರದಾರ." ತನ್ನ ಮೇಲಿನ ಮಾತನ್ನು ತಾನೇ ಓದಿ, ಕಾಗದವನ್ನು ನೆಟ್ಟಗೆ ಮಡಚಿ ಗಂಡನಿಗೆ ಕೊಟ್ಟಳು.

ಮನೆಗೆ ಬಂದ ಮೇಲೆ ಗಂಗವ್ವ ಅವಳ ಕೈಯಿಂದ ನನಗೆ ನೀರು ಸಹ ಕೊಡಗೊಡಲಿಲ್ಲ. ಮಹಾಂತೇಶ ಅವಳೊಡನೆ ಮಾತು ಬಿಟ್ಟ. ನೋಡಲು ಬಂದ ನೆಂಟರಿಗೆಲ್ಲ ಕಥೆ ಗೊತ್ತಾಗುತ್ತಿತ್ತು. ಅವಳು ಚಹಾ ತಂದಿಟ್ಟರೆ ಕಪ್ಪಿನತ್ತ ನೋಡಿ ಒಬ್ಬರು, "ಇದರಾಗ ಸಕ್ಕರಿ ಹಾಕೂದರ ನೆನಪೈತೇನವಾ?" ಎಂದು ನಕ್ಕರು. ನಾನು ಅಲ್ಲೇ ಮಂಚದ ಮೇಲಿದ್ದೆ. ಎಂಟು ದಿನಕ್ಕೆ ಸವಿತಾ ತವರಿಗೆ, ಹೆಬ್ಬಳ್ಳಿಗೆ ಹೋದಳು. ಅವಳನ್ನು ಯಾರೂ ಬಸ್ಸಿಗೆ ಬಿಡಲು ಹೋಗಲಿಲ್ಲ.

ನಾನು ಈಗ ಗುಳಿಗೆ ನುಂಗುತ್ತಿದ್ದೆ. ಎದೆಯಲ್ಲಿ ಕಲ್ಲು ಕೂತಂತೆ ಉಸಿರು ನಿಂತದ್ದನ್ನು ಕಂಡವನು ನುಂಗದೆ ಇರುತ್ತಾನೆಯೇ. ಆದರೆ ಹೇಳಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ತಿಂಗಳು ಕಳೆದೆ.

ಖಾದರಸಾಬ ಒಮ್ಮೆ ನೋಡಲು ಬಂದಿದ್ದ. ಗಂಗವ್ವ ಅವನಿಗೂ ಸೊಸೆಯ ಕಥೆ ಹೇಳಿದಳು. ಅವನು ಚಹಾ ಕುಡಿದು ಹೋದ. ನಾಲ್ಕು ದಿನಕ್ಕೆ ಮತ್ತೆ ಬಂದ. ಗಂಗವ್ವ ಒಳಗಿದ್ದಳು. ಜೇಬಿನಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ನನ್ನ ಹಾಸಿಗೆಯ ಮೇಲಿಟ್ಟ. ಮುಚ್ಚಳದೊಳಗಿಂದ ಗುಲಾಬಿ ಬಣ್ಣ ಕಾಣುತ್ತಿತ್ತು.

"ಟೂಲ್ ಹುಡುಕಾಕ ನಿಮ್ಮ ಡ್ರಾವರ್ ತಗದಿದ್ದೆ, ಈರಪ್ಪಣ್ಣಾ. ಇವು ನಿಮ್ವ ಹೌದಿಲ್ಲೋ?"

ನಾನು ತಲೆ ತಗ್ಗಿಸಿದೆ.

"ನನಗೂ ಮನ್ಯಾಗ ಸೊಸಿ ಅದಾಳ್ರಿ," ಎಂದ. ಮೂವತ್ತು ವರ್ಷದಲ್ಲಿ ಅವನು ತಮಾಷೆ ಇಲ್ಲದೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು. "ನಾ ಯಾರ ಮುಂದೂ ಹೇಳೂದಿಲ್ಲ. ನೀವ ಹೇಳ್ರಿ. ಹೇಳೂತನಾ ನಾ ಇಲ್ಲಿ ಬರೂದಿಲ್ಲ."

ಅವನು ಆ ಡ್ರಾವರ್ ತೆರೆಯದಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ. ಹೇಳುತ್ತಿದ್ದೆ ಎಂದು ಬರೆಯುವ ಧೈರ್ಯ ನನಗಿಲ್ಲ.

ಗಂಗವ್ವನಿಗೆ ಗುಡಿಗೆ ಹೋಗಿ ಬರುತ್ತೇನೆಂದು ಹೇಳಿ, ಬಿಗಿ ಕಾಲುಚೀಲ ಹಾಕಿದ ಕಾಲನ್ನು ಎಳೆದುಕೊಂಡು ಚಿಗರಿ ಎಂಬ ವೇಗದ ಬಸ್ಸಿನಲ್ಲಿ ಧಾರವಾಡಕ್ಕೆ, ಅಲ್ಲಿಂದ ಹೆಬ್ಬಳ್ಳಿಗೆ ಹೋದೆ. ಸವಿತಾಳ ಅಪ್ಪ ಬಾಗಿಲಲ್ಲೇ ಎದುರಾದರು. "ಬರ್ರಿ ಬೀಗರ," ಎಂದರು, ಆದರೆ ದಾರಿ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ನೀರು ಕೊಟ್ಟರು. ಅವಳು ಅಡುಗೆಮನೆಯ ಬಾಗಿಲಿಗೆ ಆತು ನಿಂತಳು. ಸೊರಗಿ ಇಳಿದು ಹೋಗಿದ್ದಳು.

ನಾನು ಡಬ್ಬಿಯನ್ನು ಚಾಪೆಯ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಬೆರಳು, ಜೇಬು, ಡ್ರಾವರ್, ಎರಡು ಶಬ್ದ. ಅವಳ ಅಪ್ಪ ಎದ್ದು ಹಿತ್ತಿಲಿಗೆ ಹೋದರು. ಅಲ್ಲೇ ಕೂತಿದ್ದರೆ ನಿಮ್ಮ ಮೇಲೆ ಕೈ ಎತ್ತಿಬಿಡುತ್ತಿದ್ದೆ ಎಂದು ಆಮೇಲೆ ಅವರೇ ಹೇಳಿದರು.

ಸವಿತಾ ಅಳಲಿಲ್ಲ. ಒಂದು ಪ್ರಶ್ನೆ ಕೇಳಿದಳು.

"ಅವತ್ತ ಅವ್ರು ನನಗ ಬೈಯೂ ಮುಂದ ನೀವು ಕಣ್ಣ ಮುಚ್ಚಿದ್ರೆಲ್ಲಾ, ಆವಾಗ ಏನ ಅನಸ್ತ್ರಿ ನಿಮಗ?"

ನಾಚಿಕೆಯಾಯಿತು ಎನ್ನಬಹುದಿತ್ತು. ಅವಳ ಮುಂದೆ ಇನ್ನೊಂದು ಮಾತು ತಿರುಚಲು ಆಗಲಿಲ್ಲ. "ಪಾರಾದೆ ಅನಸ್ತವಾ," ಎಂದೆ.

ಅವಳು ಆ ಡಬ್ಬಿಯನ್ನು ನನ್ನ ಕಡೆಗೇ ಸರಿಸಿದಳು. "ಇಲ್ಲಿ ನನ್ನ ಮುಂದ ಹೇಳಿದ್ರ ಏನ ಆತ್ರಿ? ನನಗ ಮೊದಲ ಗೊತ್ತಿತ್ತು ನಾ ಕೊಟ್ಟೇನಿ ಅಂತ. ಆ ಕಾಗದದಾಗ ಬರದಾರ. ಅಲ್ಲಿ ಹೇಳ್ರಿ. ಅವ್ರಿಗೆ ಹೇಳ್ರಿ. ನಾ ಎದುರಿಗೆ ಇರಬೇಕು."

ಮುಂದಿನ ತಪಾಸಣೆಗೆ ಮಹಾಂತೇಶ ಬರುತ್ತೇನೆಂದ. ಬೇಡ ಎಂದೆ. ಆಸ್ಪತ್ರೆಯ ಬಾಗಿಲಲ್ಲಿ ಸವಿತಾ ಕಾಯುತ್ತಿದ್ದಳು. ಚೀಟಿ ಹಿಡಿದು ಎರಡು ತಾಸು ಕೂತೆವು, ನಡುವೆ ಒಂದು ಖಾಲಿ ಕುರ್ಚಿ. ನನ್ನ ಕೈ ಬೆವತು ಚೀಟಿಯ ಅಂಕಿ ಅಳಿಸಿತು. ಆಪರೇಶನ್ ಕೋಣೆಗೆ ಹೋಗುವಾಗಲೂ ಅಷ್ಟು ಹೆದರಿರಲಿಲ್ಲ.

ಡಾಕ್ಟರು ನನ್ನ ಮಾತು ಮುಗಿಯುವವರೆಗೂ ಪೆನ್ನು ಮುಟ್ಟಲಿಲ್ಲ. ಕಡೆಗೆ, "ಅಜ್ಜಾರ, ಕೊಟ್ಟಾಗ ನುಂಗಿದ್ರೂ ಹಿಂಗಾತು ಅಂದ್ರ ಈ ಔಷಧ ನಿಮಗ ಹತ್ತೂದಿಲ್ಲೇನೋ ಅಂತ ನಾ ಎಷ್ಟ ಸಲ ತಲಿ ಕೆಡಿಸ್ಕೊಂಡೇನಿ ಗೊತ್ತೇನ್ರಿ?" ಎಂದರು. ಆಮೇಲೆ ಸವಿತಾಳತ್ತ ತಿರುಗಿ, "ನಾನೂ ಇನ್ನೊಮ್ಮೆ ಕೇಳಬೇಕಾಗಿತ್ತು. ತಪ್ಪಾತು," ಎಂದರು.

"ಅದನ್ನ ಹೊಡದ ಹಾಕಾಕ ಬರತೈತೇನ್ರಿ ಮೇಡಂ?"

"ಹಳೇ ಕಾಗದ ತಿದ್ದಾಕ ಬರೂದಿಲ್ಲಮ್ಮಾ. ಇವತ್ತಿಂದ್ರಾಗ ಬರಿತೇನಿ."

ಬರೆದರು. ಮನೆಯವರು ಔಷಧ ತಪ್ಪದೆ ಕೊಟ್ಟಿದ್ದಾರೆ, ರೋಗಿ ನುಂಗದೆ ಮುಚ್ಚಿಟ್ಟದ್ದನ್ನು ತಾನೇ ಒಪ್ಪಿಕೊಂಡಿದ್ದಾನೆ ಎಂದು. ಸವಿತಾ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಹೊರಗೆ ಬಂದು ಗಂಡನಿಗೆ ಫೋನ್ ಹಚ್ಚಿ, ತಾನು ಮಾತಾಡದೆ ನನ್ನ ಕೈಗೆ ಕೊಟ್ಟಳು.

ಸರದಿ ಕಾಯುವವರೆಲ್ಲ ಕೇಳುತ್ತಿದ್ದರು. ಕಿವುಡನಿಗೆ ಹೇಳಿದಂತೆ ಜೋರಾಗಿಯೇ ಹೇಳಿದೆ, ಮೆಲ್ಲಗೆ ಹೇಳಿದರೆ ಮತ್ತೆ ಯಾವುದಾದರೂ ಶಬ್ದ ಜಾರಿಸುತ್ತೇನೆಂಬ ಹೆದರಿಕೆ. "ಆಕಿ ದಿನಾ ಕೊಟ್ಟಾಳಪಾ. ನಾ ನುಂಗಿಲ್ಲ. ನಾ ಆಕಿ ಮ್ಯಾಲ ಹಾಕಿದೆ."

ಮಹಾಂತೇಶ, "ಆಕಿಗೆ ಕೊಡ್ರಿ ಫೋನು," ಎಂದ.

ಸವಿತಾ ಬೇಡವೆಂದು ತಲೆಯಾಡಿಸಿದಳು. "ನಮ್ಮೂರಿಗೆ ಬಂದು ಮಾತಾಡ್ಲಿ ಅನ್ರಿ," ಎಂದು ಫೋನು ಈಸಿಕೊಂಡು, ಧಾರವಾಡದ ಬಸ್ಸು ನಿಲ್ಲುವ ಕಡೆಗೆ ನಡೆದಳು.

ಮಹಾಂತೇಶನಿಗೆ ಹೆಬ್ಬಳ್ಳಿಗೆ ಹೋಗುವ ಧೈರ್ಯ ಬರಲು ಮೂರು ವಾರ ಬೇಕಾಯಿತು. ಗಂಗವ್ವನಿಗೆ ಇನ್ನೂ ಹೆಚ್ಚು. ಈಗ ಸವಿತಾ ಮನೆಯಲ್ಲಿದ್ದಾಳೆ, ಸಾಲೆಗೆ ಹೋಗುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೆಂದು ನಾನು ಬರೆಯಲಾರೆ. ಅವಳು ಹಾಗೆ ಹೇಳಿಲ್ಲ, ನಾನು ಕೇಳಿಲ್ಲ.

ಇದನ್ನು ಅಚ್ಚಿಗೆ ಕಳಿಸುವ ಮೊದಲು ಅವಳಿಗೆ ಓದಲು ಕೊಟ್ಟೆ. ತನ್ನ ಹೆಸರು ಬರೆಯಲು ಒಪ್ಪಿದಳು. ಸಾಲೆಯ ಪೇಪರು ತಿದ್ದುವ ಕೆಂಪು ಪೆನ್ನು ಹಿಡಿದೇ ಓದಿದಳು. ಒಂದೇ ಕಡೆ ಗೆರೆ ಎಳೆದಳು. ‘ಎಂಟು ದಿನಕ್ಕೆ ಸವಿತಾ ಬೇಸರದಿಂದ ತವರಿಗೆ ಹೋದಳು’ ಎಂದು ನಾನು ಬರೆದಿದ್ದೆ. ಅದರಲ್ಲಿ ‘ಬೇಸರದಿಂದ’ ಎಂಬುದನ್ನು ಹೊಡೆದು ಹಾಕಿದಳು.

"ಅದು ಬ್ಯಾಸರ ಅಲ್ರಿ," ಎಂದಳು. "ನಮ್ಮ ಹೊಲದಾಗಿನ ಬಾವಿತನಾ ಎರಡ ಸಲ ಹೋಗಿ ತಿರುಗಿ ಬಂದೇನಿ ನಾನು. ಎರಡನೇ ಸಲ ಅಪ್ಪ ಹಿಂದ ಬಂದಿದ್ದ. ಅದನ್ನ ಬರೀರಿ."

ಬರೆದಿದ್ದೇನೆ.